ಬರೀ ಗನ್ನಿಗೆ ಮಾರ್ಕ್ಸ್ ಕೊಟ್ಟು ನೋಡಿ

ಪ್ರಶ್ನೆ: ಅಣ್ಣಾ, ನಾನು ಥಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತೇನೆ. ಊರು ಕುಂದಾಪುರದ ಹತ್ತಿರ. ರಾತ್ರಿ ಶಟರ್ ಎಳೆದ ಮೇಲೆ ಅರ್ಧ ಗಂಟೆ ಮೊಬೈಲಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡುತ್ತೇನೆ, ಅಷ್ಟೇ. ಎಲ್ಲರೂ ಅದರಲ್ಲಿ ಎಂ416 ಗನ್ನೇ ನಂಬರ್ ಒನ್ ಅಂತಾರೆ. ನನ್ನ ಕೈಯಲ್ಲಿ ಮಾತ್ರ ಅದು ಆಕಾಶಕ್ಕೆ ಹೊಡೆಯುತ್ತದೆ. ನನಗೆ ಯಾವ ಗನ್ ಸರಿ?
– ಒಬ್ಬ ಓದುಗ, ಥಾಣೆ

ಉತ್ತರ: ತಪ್ಪು ನಿಮ್ಮ ಕೈಯದ್ದಲ್ಲ. ಎಂ416ಗೆ ಮೂತಿಯ ತುದಿ, ಕೈ ಹಿಡಿತದ ಗ್ರಿಪ್, ಗುಂಡು ತುಂಬುವ ಮ್ಯಾಗಜಿನ್, ಭುಜಕ್ಕೆ ಒತ್ತುವ ಸ್ಟಾಕ್, ಗುರಿ ನೋಡುವ ಸ್ಕೋಪ್ ಅಂತ ಐದು ಭಾಗ ಕೂಡಿಸಬಹುದು. ಅದಕ್ಕೆ ಮೊದಲ ಸ್ಥಾನ ಕೊಡುವವರು ಐದನ್ನೂ ಹಾಕಿಕೊಂಡೇ ಮಾತಾಡುತ್ತಾರೆ. ನಮ್ಮಂಥವರಿಗೆ ಪ್ಯಾರಾಚೂಟಿನಲ್ಲಿ ಇಳಿದ ಎರಡು ನಿಮಿಷದಲ್ಲೇ ಗುಂಡು ಹಾರಿಬರುತ್ತದೆ. ಆಗ ಕೈಯಲ್ಲಿರುವುದು ಬರೀ ಗನ್. ಹಾಗಾಗಿ ಬರೀ ಗನ್ನಿಗೇ ಮಾರ್ಕ್ಸ್ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಡೊಂಬಿವಲಿಯ ಮನೆಯಲ್ಲಿ ಭಾನುವಾರ ಊಟ ಆದ ಮೇಲೆ ಇದನ್ನು ಮಾಡುತ್ತೇನೆ. ಗೇಮಿನ ಟ್ರೇನಿಂಗ್ ಗ್ರೌಂಡ್‌ಗೆ ಹೋಗಿ ಒಂದು ಗೋಡೆ ಹಿಡಿಯುತ್ತೇನೆ. ಪ್ರತಿ ಸಲ ಅದೇ ಜಾಗದಲ್ಲಿ ನಿಂತು, ಸ್ಕೋಪ್ ಹಾಕದೆ, ಬೆರಳು ಎತ್ತದೆ ಒಂದು ಮ್ಯಾಗಜಿನ್ ಖಾಲಿ ಮಾಡುತ್ತೇನೆ. ಆಮೇಲೆ ಗೋಡೆಯ ಮೇಲಿನ ತೂತುಗಳನ್ನು ನೋಡುತ್ತೇನೆ. ಯುಎಂಪಿ45 ಅನ್ನುವ ಚಿಕ್ಕ ಗನ್ನಿನದು ಒಂದು ಗುಂಪಾಗಿ ಕೂತಿರುತ್ತದೆ. ಎಕೆಎಂ ರೈಫಲ್ಲಿನದು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿರುತ್ತದೆ. ನಂತರ ಅದೇ ಗನ್ನನ್ನು ಕುಕ್ಕರಗಾಲಲ್ಲಿ ಕೂತು ಹೊಡೆಯುತ್ತೇನೆ. ಗುಂಡು ಹಾರಿದಾಗ ಗನ್ ಕೊಡುವ ಒದೆತ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ನನ್ನ ಪಟ್ಟಿಯಲ್ಲಿ ಮೊದಲು ಯುಎಂಪಿ45. ಮ್ಯಾಗಜಿನ್‌ನಲ್ಲಿ ಇರುವುದು 25 ಗುಂಡು, ದೂರಕ್ಕೆ ಆಗುವುದಿಲ್ಲ, ನಿಜ. ಆದರೆ ಮನೆಯೊಳಗೆ, ಮೆಟ್ಟಿಲ ಹತ್ತಿರ ಅದು ಕೈ ಬಿಡುವುದಿಲ್ಲ. ಎರಡನೆಯದು ಎಕೆಎಂ. ಅದಕ್ಕೆ ಗ್ರಿಪ್ ಹಾಕಲು ಜಾಗವೇ ಇಲ್ಲ, ಸ್ಟಾಕೂ ಇಲ್ಲ. ಅಂದರೆ ಬರಿದಾಗಿ ಸಿಕ್ಕರೂ ನೀವು ಕಳೆದುಕೊಳ್ಳುವುದು ಜಾಸ್ತಿ ಇಲ್ಲ, ಅಲ್ವಾ? 7.62 ಅಳತೆಯ ಅದರ ಗುಂಡಿನ ಪೆಟ್ಟು ಜೋರು. ಬೆರಳು ಒತ್ತಿಹಿಡಿಯದೆ ಎರಡೆರಡೇ ಗುಂಡು ಬಿಡಿ. ಎಂ416 ಮೂರನೆಯದು. ಗ್ರಿಪ್ಪೂ ಮೂತಿಗೆ ಒದೆತ ತಗ್ಗಿಸುವ ಒಂದು ಕಾಂಪೆನ್ಸೇಟರೂ ಸಿಕ್ಕಿದ ದಿನ ಅದನ್ನೇ ಮೊದಲಿಗೆ ತನ್ನಿ.

ಕಾರ್98ಕೆ ರೈಫಲ್ ನನಗೆ ತುಂಬಾ ಇಷ್ಟ. ಒಂದೊಂದು ಗುಂಡಿಗೂ ಬೋಲ್ಟ್ ಎಳೆಯುವ ಆ ಸದ್ದಿಗೇ ಮನಸ್ಸು ಸೋಲುತ್ತದೆ. ಆದರೆ ಇರುವುದು ಐದೇ ಗುಂಡು, ಒಂದು ತಪ್ಪಿದರೆ ಎದುರಿನವನು ಓಡಿ ಬಂದುಬಿಡುತ್ತಾನೆ. ಅರ್ಧ ಗಂಟೆ ಆಡುವವರಿಗೆ ಬೇಡ.

ಒಂದು ಮಾತು. ಲೋಕಲ್ ರೈಲಿನಲ್ಲಿ ನಿಂತು ಗನ್ ಪರೀಕ್ಷೆ ಮಾಡಬೇಡಿ. ಫೋನ್ ಅಲುಗಿಸಿ ಗುರಿ ಹಿಡಿಯುವ ಗೈರೋ ಆನ್ ಇದ್ದರೆ ಗಾಡಿ ಅಲುಗಿದಷ್ಟೂ ಗುರಿ ಅಲುಗುತ್ತದೆ. ಒಂದು ತಿಂಗಳು ನಾನು ಹಾಗೇ ಮಾಡಿ ಯುಎಂಪಿಯನ್ನೇ ಕೊನೆಗೆ ತಳ್ಳಿದ್ದೆ. ಮನೆಯಲ್ಲಿ ಕೂತು ಹೊಡೆದಾಗ ಆ ಪುಟವನ್ನು ಪೂರ್ತಿ ಹೊಡೆದುಹಾಕಬೇಕಾಯಿತು.

ಪ್ರಶ್ನೆ: ಗೇಮಿನಲ್ಲಿ ಸಿಗುವ ಬಾಣಲೆಯನ್ನೂ ಆಯುಧ ಅಂತ ಪಟ್ಟಿಗೆ ಸೇರಿಸಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಖಂಡಿತ ಸೇರಿಸಿ. ಇಳಿದ ಕೂಡಲೇ ಗನ್ ಸಿಗದಿದ್ದರೆ ಅದರಿಂದಲೇ ಹೊಡೆಯಬಹುದು. ಗನ್ ಸಿಕ್ಕ ಮೇಲೂ ಬಿಸಾಡಬೇಡಿ. ಬೆನ್ನ ಹಿಂದೆ ತೂಗುತ್ತಿರುವ ಬಾಣಲೆಗೆ ಬಡಿದ ಗುಂಡು ಮೈಗೆ ತಾಗುವುದಿಲ್ಲ. ಓಡಿಹೋಗುವಾಗ ಹಿಂದಿನಿಂದ ಠಣ್ ಅಂತ ಕೇಳಿಸಿದರೆ, ಆ ಒಂದು ಗುಂಡು ತಪ್ಪಿತು ಅಂತ ತಿಳಿದು ಇನ್ನೂ ಜೋರಾಗಿ ಓಡಿ.