ಕ್ಲೋರೆಲ್ಲಾ (ಏಕಕೋಶ ಹಸಿರು ಪಾಚಿ) ಬೆಳವಣಿಗೆ ಆರನೇ ದಿನಕ್ಕೆ ನಿಂತುಹೋಗುತ್ತದೆ, ಇನ್ನೂ ದೊಡ್ಡ ದೀಪ ಹಾಕಲೇ?

ದೊಡ್ಡ ದೀಪ ಬೇಡ. ಇರುವುದಕ್ಕೇ ಡಿಮ್ಮರ್ ಹಾಕಿ. 15 ಸೆಂ.ಮೀ. ಅಗಲದ ಅಕ್ರಿಲಿಕ್ ಕೊಳವೆ, ಬಿಜಿ-11 ಎಂಬ ಪೋಷಕ ದ್ರಾವಣ, ಒಂದೇ ಬದಿಯಿಂದ ಮೊದಲ ದಿನದಿಂದಲೂ ಪೂರ್ತಿ ಉರಿಯುವ ಎಲ್‌ಇಡಿ ಎಂದಿದ್ದೀರಿ. ಆರಂಭದಲ್ಲಿ ಬಣ್ಣ ಮಾಸುವುದೂ ಆಮೇಲೆ ಬೆಳವಣಿಗೆ ನಿಲ್ಲುವುದೂ ಒಂದೇ ತಪ್ಪಿನಿಂದ: ಕೋಶಗಳು ಹೆಚ್ಚುತ್ತಿವೆ, ಬೆಳಕು ಮಾತ್ರ ಬದಲಾಗುತ್ತಿಲ್ಲ.

ಕೋಶಗಳು ಕಡಿಮೆ ಇರುವ ತೆಳು ಕಲ್ಚರಿನಲ್ಲಿ (ಪಾಚಿ ಬೆಳೆಯುತ್ತಿರುವ ದ್ರಾವಣದಲ್ಲಿ) ನೆರಳೇ ಇಲ್ಲ, ಪ್ರತಿ ಕೋಶಕ್ಕೂ ಪೂರ್ತಿ ಬೆಳಕು ಬಡಿದು ಪೇಲವವಾಗುತ್ತದೆ. ಲೀಟರಿಗೆ 1 ಗ್ರಾಂ ಒಣತೂಕ ತಲುಪಿದ ಮೇಲೆ ಗೋಡೆಯಿಂದ ಎರಡು-ಮೂರು ಸೆಂಟಿಮೀಟರಿನೊಳಗೇ ಬಹುಪಾಲು ಬೆಳಕು ಮುಗಿದು, ಉಳಿದ ಕೋಶಗಳು ಕತ್ತಲಲ್ಲಿ ಕೂಡಿಟ್ಟದ್ದನ್ನು ಉಸಿರಾಟಕ್ಕೆ ಕರಗಿಸುತ್ತಿರುತ್ತವೆ.

ನಾನು ಸೂಚಿಸುವುದು ಹೀಗೆ. 750 ನ್ಯಾನೋಮೀಟರ್ ತರಂಗಾಂತರದಲ್ಲಿ ಓಡಿ (ಕಲ್ಚರ್ ಎಷ್ಟು ದಟ್ಟ ಎಂಬುದರ ಅಳತೆ) 0.1 ಇರುವಾಗ ಗೋಡೆಯ ಮೇಲೆ 50-60 ಮೈಕ್ರೋಮೋಲ್ ಬೆಳಕು (ಚದರ ಮೀಟರಿಗೆ, ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳ ಲೆಕ್ಕ) ಸಾಕು. ಓಡಿ ದುಪ್ಪಟ್ಟಾದಾಗಲೆಲ್ಲ ಬೆಳಕನ್ನು ಒಂದೂವರೆ ಪಟ್ಟು ಮಾಡಿ, 300ಕ್ಕೆ ನಿಲ್ಲಿಸಿ. ಇದನ್ನು ಅಳೆಯುವ ಪಾರ್ ಮೀಟರ್ ಇಲ್ಲದಿದ್ದರೆ ಬಿಳಿ ಎಲ್‌ಇಡಿಯ ಲಕ್ಸ್ ಅನ್ನು 70ರಿಂದ ಭಾಗಿಸಿ, ಅಂದಾಜು ಸಿಗುತ್ತದೆ. 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಇರಲಿ.

ಇದನ್ನು ಸ್ವಯಂಚಾಲಿತ ಮಾಡಬಹುದು. ದೀಪದ ಎದುರು ಬದಿಯಲ್ಲಿ ಸೆನ್ಸರ್ ಅಂಟಿಸಿ, ಆಚೆ ಬರುವ ಬೆಳಕು ಕುಸಿದಂತೆ ಇಎಸ್‌ಪಿ32 (ಚಿಕ್ಕ ಮೈಕ್ರೋಕಂಟ್ರೋಲರ್) ಮೂಲಕ ಪಿಡಬ್ಲ್ಯೂಎಂ, ಅಂದರೆ ದೀಪದ ಪ್ರಖರತೆ ನಿಯಂತ್ರಿಸುವ ಸಂಕೇತ, ಏರಿಸಿ. ಆದರೆ 15 ಸೆಂ.ಮೀ. ಅಗಲದಲ್ಲಿ ಈ ಉಪಾಯ ಆರಂಭದ ದಿನಗಳಿಗಷ್ಟೇ, ಆಮೇಲೆ ಆಚೆ ಏನೂ ತಲುಪುವುದಿಲ್ಲ. ಇನ್ನೆರಡು ಎಚ್ಚರಿಕೆ. ಕ್ಲೋರೋಫಿಲ್ ಕೆಂಪು-ನೀಲಿಯನ್ನು ಹೀರಿ ಹಸಿರನ್ನು ಬಿಡುವುದರಿಂದ ಬಿಎಚ್1750ರಂಥ ಲಕ್ಸ್ ಸೆನ್ಸರ್ ಆಚೆ ಬದಿಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, 70ರ ಲೆಕ್ಕ ಅಲ್ಲಿ ಸಲ್ಲದು. ಕೆಂಪು ಫಿಲ್ಟರ್ ಹಾಕಿದ ಫೋಟೋಡಯೋಡ್ ವಾಸಿ. ಗೋಡೆಗೆ ಪಾಚಿ ಅಂಟಿದರೂ ಸೆನ್ಸರ್ ಮೋಸಹೋಗಿ ದೀಪ ಸುಮ್ಮನೆ ಏರುತ್ತದೆ, ಆದ್ದರಿಂದ ಪ್ರೋಗ್ರಾಮಿನಲ್ಲೇ ಗರಿಷ್ಠ ಮಿತಿ ಹಾಕಿ, ಗೋಡೆಯನ್ನು ಆಗಾಗ ಒರೆಸಿ.

ಇಷ್ಟಾದರೂ ಕೊಳವೆಯ ಅಗಲವೇ ದೊಡ್ಡ ಅಡ್ಡಿ. ಎರಡೂ ಬದಿಯಿಂದ ಬೆಳಕು ಕೊಡಿ, ಮುಂದಿನ ಕೊಳವೆ 8-10 ಸೆಂ.ಮೀ. ಇರಲಿ. 15 ಲೀಟರಿಗೆ ನಿಮಿಷಕ್ಕೆ 5-7 ಲೀಟರ್ ಗಾಳಿ ಬಿಟ್ಟರೆ ಕೋಶಗಳು ಗೋಡೆಗೂ ನಡುವಿಗೂ ಓಡಾಡುತ್ತಿರುತ್ತವೆ. ದೀಪ ಏರಿಸುವಾಗ ನೀರಿನ ತಾಪ ನೋಡಿ, 30 ಡಿಗ್ರಿ ದಾಟಬಾರದು. ಎಲ್‌ಇಡಿ ಪಟ್ಟಿಯನ್ನು ಕೊಳವೆಗೇ ಸುತ್ತಿ ಕಲ್ಚರನ್ನು ಬೇಯಿಸುವವರು ಬಹಳ.

ಆರನೇ ದಿನ ನಿಲ್ಲುವುದು ನಿಜಕ್ಕೂ ಬೆಳಕಿನಿಂದಲೇ ಎಂದು ಮೊದಲು ಖಚಿತಮಾಡಿಕೊಳ್ಳಿ. ಬಿಜಿ-11ರಲ್ಲಿ ನೈಟ್ರೇಟ್ ಧಾರಾಳ, ಫಾಸ್ಫೇಟ್ ಲವಣ ಲೀಟರಿಗೆ 40 ಮಿ.ಗ್ರಾಂ ಅಷ್ಟೇ. ನಿಂತ ಕಲ್ಚರನ್ನು ಎರಡು ಫ್ಲಾಸ್ಕಿಗೆ 3 ಸೆಂ.ಮೀ. ಆಳಕ್ಕೆ ಸುರಿದು, ಒಂದಕ್ಕೆ ಮಾತ್ರ ತಾಜಾ ಫಾಸ್ಫೇಟ್, ನೈಟ್ರೇಟ್ ಸೇರಿಸಿ, ಒಂದೇ ದೀಪದಡಿ ಎರಡು ದಿನ ಕಲಕುತ್ತಿರಿ. ಎರಡೂ ಬೆಳೆದರೆ ಕೊರತೆ ಬೆಳಕಿನದು. ಪೋಷಕ ಹಾಕಿದ್ದೊಂದೇ ಬೆಳೆದರೆ ಡಿಮ್ಮರ್ ಪಕ್ಕಕ್ಕಿಟ್ಟು ದ್ರಾವಣ ಸರಿಮಾಡಿ. ಎರಡೂ ಬೆಳೆಯದೆ ಹಗಲಲ್ಲಿ ಪಿಎಚ್ 9.5 ದಾಟುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಸಾಲುತ್ತಿಲ್ಲ, ಗಾಳಿಗೆ ಶೇ. 1ರಿಂದ 2 ಬೆರೆಸಿ.