ಗೋಥಿಯಾ ಕಪ್ ಫಿಫಾದ ಟೂರ್ನಿಯೇ?

ಸರ್, ಹುಬ್ಬಳ್ಳಿಯ ನಿಮ್ಮ ಮಗನ ಕ್ಲಬ್ಬಿನ ಕೋಚ್ 'ಸ್ವೀಡನ್ನಿನ ಕಿರಿಯರ ವಿಶ್ವಕಪ್‌ಗೆ ಕರೆದೊಯ್ಯುತ್ತೇವೆ' ಎಂದರೆಂದೂ ಅದು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಟೂರ್ನಿಯೇ ಎಂದೂ ಕೇಳಿದ್ದೀರಿ. ಅಲ್ಲ. ಅದು ಗೋಥಿಯಾ ಕಪ್. ಗೋಥೆನ್‌ಬರ್ಗ್ ನಗರದಲ್ಲಿ 1975ರಲ್ಲಿ ಶುರುವಾಯಿತು. ನಡೆಸುವುದು ಅಲ್ಲಿನ ಬಿ.ಕೆ. ಹೆಕೆನ್ ಎಂಬ ಕ್ಲಬ್. ದೇಶದ ಆಯ್ಕೆ ಸಮಿತಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದ ತಂಡ ಆಡಬಹುದು. 'ಭಾರತಕ್ಕೆ ಆಯ್ಕೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗೆಂದು ಕಡೆಗಣಿಸುವಂಥದ್ದೂ ಅಲ್ಲ. ಪ್ರತಿ ಜುಲೈಯಲ್ಲಿ ಸಾವಿರಕ್ಕೂ ಹೆಚ್ಚು ತಂಡಗಳು ಬರುತ್ತವೆ. 1958ರ ವಿಶ್ವಕಪ್‌ಗೆ ಕಟ್ಟಿದ ಉಲ್ಲೇವಿ ಕ್ರೀಡಾಂಗಣದಲ್ಲಿ ಉದ್ಘಾಟನೆ. ಇಟಲಿಯ ಹೆಸರಾಂತ ಆಟಗಾರ ಪಿರ್ಲೊ ಬಾಲ್ಯದಲ್ಲಿ ಇಲ್ಲಿ ಆಡಿದವನೇ. ಮಕ್ಕಳು ಬೇಸಿಗೆ ರಜೆಯಲ್ಲಿ ಖಾಲಿಯಿರುವ ಶಾಲೆಗಳ ತರಗತಿಗಳಲ್ಲಿ, ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ. ನನಗೆ ಹಿಡಿಸುವುದು ಇನ್ನೊಂದು: ಗುಂಪಿನ ಪಂದ್ಯಗಳಲ್ಲಿ ಹಿಂದುಳಿದವರಿಗೂ 'ಬಿ' ಎಂಬ ಬೇರೆ ನಾಕೌಟ್ (ಸೋತರೆ ಹೊರಗೆ) ಸುತ್ತು ಇದೆ, ಅಷ್ಟು ದೂರ ಹೋಗಿ ಲೀಗ್ ಹಂತದಲ್ಲೇ ಗಂಟುಮೂಟೆ ಕಟ್ಟಬೇಕಿಲ್ಲ. ಕೊರೋನಾದಿಂದಾಗಿ 2020, 2021ರಲ್ಲಿ ಮಾತ್ರ ನಡೆಯಲಿಲ್ಲ. 2023ರಲ್ಲಿ ಪಂಜಾಬಿನ ಮಿನರ್ವ ಅಕಾಡೆಮಿಯ ಹುಡುಗರು ಕಿರಿಯರ ವಿಭಾಗದಲ್ಲಿ ಗೆದ್ದರು.

ಖರ್ಚಿನ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ: ನೋಂದಣಿ, ವಿಮಾನ, ವಸತಿ, ವೀಸಾ ಬೇರೆಬೇರೆಯಾಗಿ. ಜೂನ್‌ನಲ್ಲಿ ಶಾಲೆ ತೆರೆದ ಬೆನ್ನಲ್ಲೇ ರಜೆ ಬೇಕಾಗುತ್ತದೆ, ಮುಖ್ಯೋಪಾಧ್ಯಾಯರನ್ನು ಈಗಲೇ ಒಪ್ಪಿಸಿಕೊಳ್ಳಿ. ದುಬಾರಿ ಎನಿಸಿದರೆ, ವಾಯುಪಡೆ 1960ರಿಂದ, ಹೆಚ್ಚಾಗಿ ದೆಹಲಿಯಲ್ಲಿ, ನಡೆಸುವ ಶಾಲಾ ತಂಡಗಳ ಸುಬ್ರತೊ ಕಪ್ ಇದೆ. ಅಲ್ಲಿಗೂ ವಿದೇಶಿ ತಂಡಗಳು ಬರುತ್ತವೆ, ಆದರೆ ಶಾಲೆಯ ಮೂಲಕವೇ ಗೆದ್ದು ಹೋಗಬೇಕು.