ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಯಾವ ಹೂ, ಎಷ್ಟು, ಎಲ್ಲಿ?

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಮನೆಮಂದಿಯೆಲ್ಲ ಸೇರಿ ಊಟ ಮಾಡುವ ಕೃತಜ್ಞತೆಯ ಹಬ್ಬ. ಆ ದಿನದ ಊಟಕ್ಕೆ ಮನೆಯನ್ನು ಹೂವಿನಿಂದ ಹೇಗೆ ಸಿಂಗರಿಸುವುದು ಅಂತ ಅಲ್ಲಿನ ಕನ್ನಡಿಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇನೆ. ಕೆನಡಾದಿಂದಲೂ ಒಂದು ಪ್ರಶ್ನೆ ಬಂದಿದೆ.

ಮೇಡಂ, ಈ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮ ಮನೆಯಲ್ಲಿ. ಇಪ್ಪತ್ತು ಜನ ಆಗ್ತಾರೆ. ಪಕ್ಕದ ಮನೆಯ ಅಮೆರಿಕನ್ ದಂಪತಿಯನ್ನೂ ಕರೆದಿದ್ದೇವೆ. ಡೈನಿಂಗ್ ಟೇಬಲ್ ಮಧ್ಯೆ ದೊಡ್ಡ ಬೊಕೆ ಇಡಬೇಕು ಅಂತ ಆಸೆ. ಯಾವ ಹೂ ತರಲಿ?
– ಎಡಿಸನ್, ನ್ಯೂಜೆರ್ಸಿ

ಯಾವ ಹೂ ಅನ್ನುವುದಕ್ಕಿಂತ ಮೊದಲು ಊಟ ಎಲ್ಲಿ ಅನ್ನುವುದು ತೀರ್ಮಾನವಾಗಲಿ. ಅಮೆರಿಕದ ಮನೆಗಳಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು, ಟರ್ಕಿ ಕೋಳಿ, ಆಲೂಗಡ್ಡೆ, ಕ್ರ್ಯಾನ್‌ಬೆರಿ ಸಾಸ್‌ನ ಬಟ್ಟಲುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಊಟ ಮಾಡುತ್ತಾರೆ. ಮೇಜಿನ ಮೇಲೆ ಅಂಗೈಯಷ್ಟು ಜಾಗವೂ ಉಳಿಯುವುದಿಲ್ಲ. ನಮ್ಮವರ ಮನೆಯಲ್ಲಿ ಇಪ್ಪತ್ತು ಜನ ಸೇರಿದರೆ ರೀತಿಯೇ ಬೇರೆ. ಅಡುಗೆಮನೆ ಕೌಂಟರ್ ಮೇಲೆ ಟ್ರೇಗಳು ಸಾಲಾಗಿ ಇರುತ್ತವೆ. ಜನ ತಟ್ಟೆ ಹಿಡಿದು ಬಡಿಸಿಕೊಂಡು, ಸೋಫಾ, ಮೆಟ್ಟಿಲು ಅಂತ ಜಾಗ ಸಿಕ್ಕಲ್ಲಿ ಕೂರುತ್ತಾರೆ. ಈ ಎರಡರಲ್ಲಿ ಯಾವುದಕ್ಕೂ ಮಧ್ಯದ ದೊಡ್ಡ ಬೊಕೆ ಹೊಂದುವುದಿಲ್ಲ. ಒಂದರಲ್ಲಿ ಎದುರಿಗೆ ಕೂತವರ ಮುಖ ಮುಚ್ಚುತ್ತದೆ, ಇನ್ನೊಂದರಲ್ಲಿ ಅದನ್ನು ನೋಡುವವರೇ ಇರುವುದಿಲ್ಲ.

ದೊಡ್ಡ ಬೊಕೆ ಮಾಡಲೇಬೇಕು ಅಂತಿದ್ದರೆ ಬಾಗಿಲ ಹತ್ತಿರ ಇಡಿ. ಕೋಟು ಬಿಚ್ಚುತ್ತಾ, ಶೂ ತೆಗೆಯುತ್ತಾ ಎಲ್ಲರೂ ಅಲ್ಲಿ ಒಂದೆರಡು ನಿಮಿಷ ನಿಲ್ಲುತ್ತಾರೆ. ಕೌಂಟರ್‌ನಲ್ಲಿ ತಟ್ಟೆ ಜೋಡಿಸಿಟ್ಟ ತುದಿಗೆ ಇನ್ನೊಂದು ಸಣ್ಣದು ಇರಲಿ. ಟ್ರೇಗಳ ನಡುವೆ ಮಾತ್ರ ಬೇಡ. ಸಾರಿನ ಸೌಟಿಗೆ ಹೂ ತಗುಲುತ್ತದೆ, ಎಸಳು ಪಲ್ಯದೊಳಗೆ ಬೀಳುತ್ತದೆ.

ಕೂತು ಊಟ ಮಾಡುವ ಮೇಜಿಗೆ ಸಣ್ಣ ಸಣ್ಣ ಬಾಟಲಿಗಳ ಸಾಲು ಸಾಕು. ಉಪ್ಪಿನಕಾಯಿ, ಜಾಮ್ ಮುಗಿದ ಬಾಟಲಿಗಳನ್ನು ಲೇಬಲ್ ಕಿತ್ತು, ವಾಸನೆ ಹೋಗುವ ಹಾಗೆ ತೊಳೆದಿಟ್ಟುಕೊಳ್ಳಿ. ಎತ್ತರ ನೋಡಲು ಸುಲಭದ ಲೆಕ್ಕ ಇದೆ. ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಮೇಜಿನ ಮೇಲೂರಿ, ಮುಷ್ಟಿಯ ಮೇಲೆ ಗದ್ದ ಇಡಿ. ಹೂ ಆ ಮುಷ್ಟಿಗಿಂತ ಕೆಳಗೇ ಇರಬೇಕು.

ಇನ್ನು ಹೂವಿನ ವಿಷಯ. ನನ್ನ ಮೊದಲ ಆಯ್ಕೆ ಸೇವಂತಿಗೆ. ರಾತ್ರಿ ಉದ್ದವಾಗುತ್ತಾ ಬಂದ ಹಾಗೆ ಮೊಗ್ಗು ಕಟ್ಟುವ ಗಿಡ ಅದು. ಹಾಗಾಗಿ ಶರತ್ಕಾಲ ಅದರದೇ ಕಾಲ. ಇಟ್ಟಿಗೆ ಕೆಂಪು, ತಾಮ್ರ, ಅರಿಶಿನ ಹಳದಿ ಬಣ್ಣಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೇಗ ಬಾಡುವುದಿಲ್ಲ. ಒಂದೇ ದಂಟಿನಲ್ಲಿ ಹಲವು ಹೂ ಬಿಡುವ ಗೊಂಚಲು ಜಾತಿಯದನ್ನೇ ತನ್ನಿ. ದಂಟನ್ನು ಕೈಯಲ್ಲಿ ಹಿಡಿದು ನೋಡಿದರೆ, ಸಣ್ಣ ಕವಲುಗಳು ಮುಖ್ಯ ದಂಟಿಗೆ ಸೇರುವ ಗಂಟು ಕಾಣುತ್ತದೆ. ಆ ಗಂಟಿಗೆ ಹತ್ತಿರವಾಗಿ ಕತ್ತರಿ ಹಾಕಿ. ಐದಾರು ಗಿಡ್ಡ ಹೂ ಕೈಗೆ ಬರುತ್ತವೆ, ಎರಡು ಬಾಟಲಿ ತುಂಬುತ್ತದೆ. ಎಲೆ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಕಿತ್ತುಬಿಡಿ. ಸೇವಂತಿಗೆಯಲ್ಲಿ ಹೂವಿಗಿಂತ ಮೊದಲು ಎಲೆ ಜೋತುಬಿದ್ದು ಕಪ್ಪಗಾಗುತ್ತದೆ. ಹೂ ಚೆನ್ನಾಗಿದ್ದರೂ ಇಡೀ ಗೊಂಚಲು ಹಳೆಯದಾಗಿ ಕಾಣುತ್ತದೆ.

ಜೊತೆಗೆ ಆಲ್‌ಸ್ಟ್ರೋಮೇರಿಯಾ, ಕಾರ್ನೇಷನ್, ಕೆಂಪು ಕಾಯಿಯ ಹೈಪೆರಿಕಮ್, ಇವುಗಳಲ್ಲಿ ಯಾವುದಾದರೂ ಎರಡು ಇರಲಿ. ಹೂವಿನಂಗಡಿಗೇ ಹೋಗಬೇಕಿಲ್ಲ. ಟ್ರೇಡರ್ ಜೋಸ್, ಕಾಸ್ಟ್‌ಕೋದಂಥ ದಿನಸಿ ಮಳಿಗೆಗಳಲ್ಲಿ ಸಿಗುವ ಎರಡು ಮೂರು ಕಟ್ಟು ತಂದು, ಬಿಡಿಸಿ ಬೇರೆ ಮಾಡಿಕೊಂಡರೆ ಧಾರಾಳ. ಸುಗಂಧರಾಜ, ಲಿಲ್ಲಿಯಂಥ ಘಾಟು ಪರಿಮಳದ ಹೂ ಊಟದ ಹತ್ತಿರ ಬೇಡ. ಪರಿಮಳದ ಮೇಣದಬತ್ತಿಯೂ ಬೇಡ. ಬಿಸಿಬೇಳೆಬಾತ್‌ನ ಘಮಕ್ಕೆ ಅಡ್ಡ ಬರುವಂಥದ್ದು ಯಾವುದೂ ಆ ದಿನ ಮನೆಯಲ್ಲಿ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೂವನ್ನು ಯಾವಾಗ ತರಬೇಕು? ಬುಧವಾರ ಅಂಗಡಿಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮುಂಚೆ ತಂದರೆ ಬಾಡುತ್ತೆ ಅಂತ ಭಯ.
– ಪ್ಲೇನೋ, ಟೆಕ್ಸಾಸ್

ಮಂಗಳವಾರ ತನ್ನಿ. ಅಂದೇ ರಾತ್ರಿ ಹೂವಿಗೆ ಚೆನ್ನಾಗಿ ನೀರು ಕುಡಿಸುವುದೇ ಅರ್ಧ ಕೆಲಸ. ಸೋಪು ಹಾಕಿ ತೊಳೆದ ಬಕೆಟ್‌ನಲ್ಲಿ ನೀರು ತುಂಬಿ. ದಂಟಿನ ತುದಿಯನ್ನು ಓರೆಯಾಗಿ ಒಂದಿಂಚು ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ, ಯಾಕೆಂದರೆ ಅವು ಕೊಳೆತು ನೀರು ಕೆಡುತ್ತದೆ, ದಂಟಿನ ಬಾಯಿ ಕಟ್ಟಿಕೊಳ್ಳುತ್ತದೆ. ಕಟ್ಟಿನ ಜೊತೆ ಬರುವ ಪುಡಿಯ ಪೊಟ್ಟಣವನ್ನು ಎಸೆಯಬೇಡಿ. ಹೂವಿಗೆ ಬೇಕಾದ ಸಕ್ಕರೆ, ನೀರು ಕೆಡದಂತೆ ತಡೆಯುವ ಅಂಶ ಎರಡೂ ಅದರಲ್ಲಿರುತ್ತವೆ. ರಾತ್ರಿಯಿಡೀ ತಣ್ಣಗಿರುವ ಮೂಲೆಯಲ್ಲಿ ಬಿಡಿ. ಬುಧವಾರ ಸಂಜೆ ಬಾಟಲಿಗಳಿಗೆ ಜೋಡಿಸಿ. ಗುರುವಾರ ನೀರು ಕಮ್ಮಿಯಾಗಿದ್ದರೆ ಹಾಕುವುದು, ಅಷ್ಟೇ. ಆ ಬೆಳಿಗ್ಗೆ ಒಲೆ ಬಿಟ್ಟು ಬೇರೆ ಕಡೆ ಗಮನ ಕೊಡೋಕೆ ನಿಮಗೆ ಆಗುವುದೂ ಇಲ್ಲ.

ಸೇಬು, ಪೇರ್, ಬಾಳೆಹಣ್ಣು ಇಟ್ಟ ಫ್ರಿಜ್ಜಿನಲ್ಲಿ ಅಥವಾ ಬುಟ್ಟಿಯ ಪಕ್ಕದಲ್ಲಿ ಹೂ ಇಡಬೇಡಿ. ಹಣ್ಣು ಮಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದು ಹೂವನ್ನೂ ಬೇಗ ಮುದಿಯಾಗಿಸುತ್ತದೆ. ಕಾರ್ನೇಷನ್‌ಗಂತೂ ಅದು ಆಗಿಬರುವುದೇ ಇಲ್ಲ. ಊಟದ ಹೊತ್ತಿಗೆ ಮೇಜಿನ ಮೇಲೆ ನಾಲ್ಕು ಸೇಬು ಇಟ್ಟು ಅಲಂಕಾರ ಮಾಡಿದರೆ ತೊಂದರೆಯಿಲ್ಲ. ರಾತ್ರಿಯಿಡೀ ಮುಚ್ಚಿದ ಜಾಗದಲ್ಲಿ ಒಟ್ಟಿಗೆ ಇಡಬಾರದು ಅಷ್ಟೆ.

ಕುಂಬಳಕಾಯಿಯನ್ನೇ ಹೂದಾನಿ ಮಾಡಿದ ಫೋಟೊ ನೋಡಿದೆ. ಹ್ಯಾಲೋವೀನ್‌ಗೆ ಕೊರೆದದ್ದು ಮನೆಮುಂದೆ ಇದೆ, ಅದನ್ನೇ ಬಳಸಬಹುದಾ?
– ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಅದು ಬೇಡ. ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಕೊರೆದದ್ದು ಇಷ್ಟು ಹೊತ್ತಿಗೆ ಒಳಗೆ ಬೂಷ್ಟು ಹಿಡಿದಿರುತ್ತದೆ. ಹೊಸದಾಗಿ ಪುಟ್ಟ ಅಡುಗೆ ಕುಂಬಳ ತನ್ನಿ, ಅಲ್ಲಿ ಪೈ ಪಂಪ್‌ಕಿನ್ ಅಂತ ಮಾರುತ್ತಾರೆ. ಬುಧವಾರ ಸಂಜೆ ಮೇಲಿನ ತೊಟ್ಟಿನ ಭಾಗ ದುಂಡಗೆ ಕತ್ತರಿಸಿ, ಒಳಗಿನದನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ತಿರುಳು ಪಲ್ಯಕ್ಕೋ ಹುಳಿಗೋ ಆಗುತ್ತದೆ, ಬೀಜ ಹುರಿದು ತಿನ್ನಬಹುದು. ಕುಂಬಳದೊಳಗೆ ನೇರವಾಗಿ ನೀರು ಹಾಕಬೇಡಿ. ಗಾಜಿನ ಲೋಟವೊಂದನ್ನು ಒಳಗೆ ಕೂರಿಸಿ, ಅದಕ್ಕೆ ನೀರು, ಅದಕ್ಕೆ ಹೂ. ಅಡಿಯಲ್ಲಿ ತಟ್ಟೆ ಇಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನೀರೊಡೆದು ಮರದ ಮೇಜಿನಲ್ಲಿ ಕಲೆ ಉಳಿಯುತ್ತದೆ. ಮೂರ್ನಾಲ್ಕು ದಿನ ಬಾಳುತ್ತದೆ, ಆಮೇಲೆ ಗೊಬ್ಬರದ ಡಬ್ಬಿಗೆ.

ನಮ್ಮ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್‌ನಲ್ಲೇ ಬರುತ್ತೆ. ತೋಟದಲ್ಲಿ ಡೇಲಿಯಾ ಇನ್ನೂ ಇದೆ. ಅದನ್ನೇ ಕೊಯ್ದು ಇಡಲಾ?
– ಟೊರಾಂಟೊ

ಖಂಡಿತ. ಕೆನಡಾದವರಿಗೆ ಅಕ್ಟೋಬರ್ ಎರಡನೇ ಸೋಮವಾರವೇ ಹಬ್ಬ, ಅದರ ಲಾಭ ಇದೇ. ಡೇಲಿಯಾ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ. ಚೆನ್ನಾಗಿ ಅರಳಿದ್ದನ್ನೇ, ಹಿಂದಿನ ಎಸಳು ಇನ್ನೂ ಬಿಗಿಯಾಗಿರುವಾಗ, ಭಾನುವಾರ ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಅಷ್ಟರೊಳಗೆ ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ, ಬೀಳುವ ಸೂಚನೆ ಇದ್ದರೆ ಹಿಂದಿನ ಸಂಜೆಯೇ ಕೊಯ್ದುಬಿಡಿ. ಒಂದು ರಾತ್ರಿ ಫ್ರಾಸ್ಟ್ ಬಿದ್ದರೆ ಗಿಡ ಕಪ್ಪಗಾಗುತ್ತದೆ.

ಕಾಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಕಾಯಿ ತುಂಬಿದ ಬಳ್ಳಿ ನೋಡಿದೆ. ಬಾಗಿಲಿಗೆ ಹಾಕುವ ಹೂಬಳೆಗೆ ಚೆನ್ನಾಗಿರುತ್ತಾ?
– ಬಾಸ್ಟನ್ ಹತ್ತಿರದಿಂದ

ನೋಡಲು ಬಹಳ ಚೆಂದ, ನಿಜ. ನೀವು ನೋಡಿದ್ದು ಹೆಚ್ಚಾಗಿ ಓರಿಯಂಟಲ್ ಬಿಟರ್‌ಸ್ವೀಟ್ ಇರಬೇಕು. ಹಳದಿ ಸಿಪ್ಪೆ ಒಡೆದು ಒಳಗಿನಿಂದ ಕಿತ್ತಳೆಗೆಂಪು ಕಾಯಿ ಇಣುಕುತ್ತದೆ. ಪೂರ್ವ ಏಷ್ಯಾದಿಂದ ಅಂದಕ್ಕೆಂದು ತಂದ ಬಳ್ಳಿ ಅದು. ಈಗ ಅಲ್ಲಿನ ಕಾಡಿನ ಮರಗಳನ್ನು ಸುತ್ತಿ ಹಿಸುಕುತ್ತಿದೆ. ಮಸಾಚುಸೆಟ್ಸ್‌ನಲ್ಲಿ ಅದರ ಮಾರಾಟಕ್ಕೇ ನಿಷೇಧವಿದೆ. ಬಾಗಿಲಿಗೆ ಹಾಕಿದರೆ ಹಕ್ಕಿಗಳು ಕಾಯಿ ತಿಂದು ಬೀಜ ಹರಡುತ್ತವೆ. ಮಕ್ಕಳು ಬಾಯಿಗೆ ಹಾಕಿಕೊಂಡರೂ ಅಪಾಯ. ದಯವಿಟ್ಟು ತರಬೇಡಿ. ಅದರ ಬದಲು ಅಂಗಡಿಯಲ್ಲಿ ಸಿಗುವ ವಿಂಟರ್‌ಬೆರಿ ಕೊಂಬೆ ಬಳಸಿ. ಅದು ಆ ಸೀಮೆಯದೇ ಗಿಡ, ಎಲೆ ಉದುರಿದ ಬರಿಗೊಂಬೆಯ ತುಂಬ ಕೆಂಪು ಕಾಯಿ. ಅದೂ ತಿನ್ನುವಂಥದ್ದಲ್ಲ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇರಲಿ.

ನಿಮ್ಮ ಅಂಗಳದಲ್ಲೇ ಬಿದ್ದ ಓಕ್, ಮೇಪಲ್ ಎಲೆಗಳನ್ನು ಒಂದು ವಾರ ದಪ್ಪ ಪುಸ್ತಕದೊಳಗೆ ಒತ್ತಿಟ್ಟರೆ ಸುರುಟಿಕೊಳ್ಳದೆ ಚಪ್ಪಟೆಯಾಗಿ ಉಳಿಯುತ್ತವೆ. ಒಣಗಿದ ಎಲೆಯ ಹತ್ತಿರ ದೀಪ, ಮೇಣದಬತ್ತಿ ಬೇಡ.

ಅಕ್ಕಾ, ಅತ್ತೆ ಮೈಸೂರಿನಿಂದ ಬಂದಿದ್ದಾರೆ. ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟೋಣ ಅಂತಾರೆ. ನಮ್ಮೆಜಮಾನರು "ಇದು ಅಮೆರಿಕದವರ ಹಬ್ಬ, ಹೊಂದಲ್ಲ" ಅಂತಾರೆ. ಯಾರ ಮಾತು ಕೇಳಲಿ?
– ನೇಪರ್‌ವಿಲ್, ಇಲಿನಾಯ್

ಅತ್ತೆಯ ಮಾತು ಕೇಳಿ. ಚೆಂಡುಹೂವಿನ ತವರು ಮೆಕ್ಸಿಕೊ ಕಡೆಯದು. ನಮ್ಮ ಆಯುಧಪೂಜೆಗೆ, ಮದುವೆ ಚಪ್ಪರಕ್ಕೆ ಅದು ಬಂದದ್ದೇ ಸಮುದ್ರ ದಾಟಿ. ಅಮೆರಿಕ ಖಂಡದಲ್ಲಿ ಅದು ಪರದೇಶಿ ಹೂವಲ್ಲ. ಬಣ್ಣವೂ ಥ್ಯಾಂಕ್ಸ್‌ಗಿವಿಂಗ್‌ಗೆ ಎಲ್ಲರೂ ಬಳಸುವ ಕಿತ್ತಳೆ, ಹಳದಿಯೇ.

ತೊಡಕು ಇರುವುದು ಹೂ ಸಿಗುವುದರಲ್ಲಿ. ನವೆಂಬರ್ ಕೊನೆಗೆ ನೀವಿರುವ ಷಿಕಾಗೊ ಸುತ್ತಮುತ್ತ ಗಿಡದಲ್ಲಿ ಚೆಂಡುಹೂ ಇರುವುದಿಲ್ಲ. ಭಾರತದ ದಿನಸಿ ಅಂಗಡಿಗೆ ಫೋನ್ ಮಾಡಿ, ತರಿಸಿಕೊಡುತ್ತಾರಾ ಕೇಳಿ. ಇಲ್ಲವೆಂದರೆ ಗುಂಡಗೆ ಗುಂಡಿಯ ಹಾಗೆ ಅರಳುವ ಪುಟ್ಟ ಸೇವಂತಿಗೆ ತನ್ನಿ. ತೊಟ್ಟು ಒಂದಿಂಚು ಬಿಟ್ಟು ಬಿಡಿಸಿ, ಒದ್ದೆ ಬಟ್ಟೆಯ ಮೇಲೆ ಹರಡಿ ಅತ್ತೆಯ ಮುಂದಿಡಿ. ಎರಡು ಹೂ ಈ ಕಡೆ, ಎರಡು ಆ ಕಡೆ ಇಟ್ಟು, ದಾರ ಸುತ್ತಿ ಗಂಟು ಬಿಗಿಯುವುದು ಅವರಿಗೆ ಸಲೀಸು. ಮೈಸೂರಲ್ಲಿ ಬಾಳೆನಾರು, ಅಲ್ಲಿ ಗಟ್ಟಿ ಹತ್ತಿ ದಾರ. ದಾರವನ್ನು ಒದ್ದೆ ಮಾಡಿಕೊಂಡರೆ ಗಂಟು ಜಾರುವುದಿಲ್ಲ. ಕಟ್ಟಿದ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟರೆ ಮಾರನೆಯ ದಿನಕ್ಕೆ ತಾಜಾ. ಡಬ್ಬಿಯಲ್ಲಿ ಹಣ್ಣು ಇರದಂತೆ ನೋಡಿಕೊಳ್ಳಿ.

ತೋರಣವನ್ನು ಬಾಗಿಲ ಒಳಬದಿಗೆ ಕಟ್ಟಿ. ಹೊರಗಿನ ಚಳಿಗೆ ಹೂ ಕಂದಿಹೋಗುತ್ತದೆ. ಮಾವಿನೆಲೆ ಸಿಗದಿದ್ದರೆ ಹೂವಿನಂಗಡಿಯ ಮ್ಯಾಗ್ನೋಲಿಯಾ ಎಲೆ ಸೇರಿಸಿ. ಮೇಲೆ ಹೊಳೆಯುವ ಹಸಿರು, ಹಿಂಬದಿ ಕಂದು, ಆಕಾರವೂ ಮಾವಿನೆಲೆಗೆ ಹತ್ತಿರ. ಹೂ ಉಳಿದರೆ ಗೇಣುದ್ದದ ತುಂಡುಗಳನ್ನು ಕಟ್ಟಿಸಿ ಮೇಜಿನ ಕರವಸ್ತ್ರಗಳಿಗೆ ಸುತ್ತಿ. ಬಂದವರಿಗೆ ಅದನ್ನು ಕಟ್ಟಿದ್ದು ಯಾರು ಅಂತ ಅತ್ತೆಯನ್ನು ತೋರಿಸಿ ಹೇಳಿ. ಇಡೀ ದಿನದ ಅಲಂಕಾರದಲ್ಲಿ ಅಂಗಡಿಯಲ್ಲಿ ಕೊಳ್ಳೋಕೆ ಆಗದಿರುವುದು ಅದೊಂದೇ.

ಮನೆಯಲ್ಲಿ ಬೆಕ್ಕಿದೆ. ಯಾವ ಹೂ ತರಬಾರದು?
– ಸಿಯಾಟಲ್

ಲಿಲ್ಲಿ ಬೇಡವೇ ಬೇಡ. ಎಲೆ, ಎಸಳು ಮಾತ್ರವಲ್ಲ, ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಬೆಕ್ಕಿನ ಮೂತ್ರಪಿಂಡ ಕೈಕೊಡಬಹುದು. ಯಾರಾದರೂ ತಂದುಕೊಟ್ಟರೆ ಹೊರಗೇ ಇರಿಸಿ. ಬೆಕ್ಕು ಬಾಯಿ ಹಾಕಿದೆ ಅನಿಸಿದರೆ ಕಾಯುತ್ತಾ ಕೂರಬೇಡಿ, ತಕ್ಷಣ ಪಶುವೈದ್ಯರ ಹತ್ತಿರ ಓಡಿ. ರಜೆಯ ದಿನವಾದ್ದರಿಂದ ತುರ್ತು ಆಸ್ಪತ್ರೆಯ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಸೇವಂತಿಗೆ ತಿಂದರೂ ವಾಂತಿ, ಭೇದಿ ಆಗಬಹುದು. ಗುಲಾಬಿ, ಸೂರ್ಯಕಾಂತಿ ಆದರೆ ಚಿಂತೆಯಿಲ್ಲ.

ಆಫೀಸಿನವರೊಬ್ಬರು ಅವರ ಮನೆಗೆ ಊಟಕ್ಕೆ ಕರೆದಿದ್ದಾರೆ. ಬೊಕೆ ತಗೊಂಡು ಹೋದರೆ ಸರಿನಾ?
– ಆಸ್ಟಿನ್, ಟೆಕ್ಸಾಸ್

ಸರಿ, ಆದರೆ ಬಿಡಿ ಕಟ್ಟು ಬೇಡ. ಒಲೆಯಲ್ಲಿ ನಾಲ್ಕು ಅಡುಗೆ ಇಟ್ಟುಕೊಂಡವರು ನಿಮ್ಮ ಹೂವಿಗಾಗಿ ಹೂದಾನಿ ಹುಡುಕಿ, ದಂಟು ಕತ್ತರಿಸಿ, ನೀರು ತುಂಬಬೇಕಾಗುತ್ತದೆ. ಬಾಟಲಿಯಲ್ಲೇ ಜೋಡಿಸಿ, ನೀರು ಹಾಕಿ ಒಯ್ಯಿರಿ, ಬಾಟಲಿ ವಾಪಸ್ ಬೇಡ ಅಂತಲೂ ಹೇಳಿ. ಇಲ್ಲವೇ ಕುಂಡದ ಸೇವಂತಿಗೆ ಕೊಡಿ, ಅದೇ ಒಳ್ಳೆಯದು. ಕೊಳ್ಳುವಾಗ ಪೂರ್ತಿ ಅರಳಿದ್ದನ್ನು ಬಿಟ್ಟು, ಬಣ್ಣ ತೋರುವ ಮೊಗ್ಗು ತುಂಬಿದ್ದನ್ನು ಆರಿಸಿ. ಕುಂಡಕ್ಕೆ ಸುತ್ತಿದ ಬಣ್ಣದ ಕಾಗದದ ತಳಕ್ಕೆ ತೂತು ಮಾಡಿ, ಇಲ್ಲವಾದರೆ ನೀರು ನಿಂತು ಬೇರು ಕೊಳೆಯುತ್ತದೆ. ಬಿಸಿಲು ಬೀಳುವ, ಹೀಟರ್ ಗಾಳಿ ತಾಗದ ಕಿಟಕಿಯ ಹತ್ತಿರ ಇಡೋಕೆ ಅವರಿಗೆ ಹೇಳಿ. ಹೂ ಮುಗಿದ ಮೇಲೆ ಒಣಗಿದವನ್ನು ಚಿವುಟಿ, ಚಳಿ ಕಳೆಯುವವರೆಗೆ ಒಳಗೇ ಇಟ್ಟುಕೊಂಡು, ವಸಂತದಲ್ಲಿ ಅಂಗಳದ ಮಣ್ಣಿಗೆ ಇಳಿಸಬಹುದು.